ಎದ್ದು ನಿಂತರೆ ಎದೆ ಡವಡವ

ಬೆಳಗ್ಗೆ ಹಾಸಿಗೆಯಿಂದ ಏಳುತ್ತಲೇ ಎದೆ ಡವಗುಟ್ಟುವುದು, ಒಲೆಯ ಮುಂದೆ ನಿಂತು ನಾಲ್ಕು ಅಕ್ಕಿರೊಟ್ಟಿ ಬೇಯಿಸುವಷ್ಟರಲ್ಲಿ ಕಣ್ಣಿಗೆ ಕತ್ತಲೆ ಕವಿಯುವುದು, ಸ್ವಲ್ಪ ಹೊತ್ತು ಮಲಗಿದರೆ ಏನೂ ಆಗದವರ ಹಾಗೆ ಸರಿಹೋಗುವುದು. ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾಗುತ್ತದೆಯೇ? ಆಗುತ್ತಿದ್ದರೆ ದಯವಿಟ್ಟು ‘ನಾಟಕ’ ಎಂದು ಗದರಬೇಡಿ. ಇದು ‘ಪಾಟ್ಸ್’ ಎಂಬ ಕಾಯಿಲೆ ಇರಬಹುದು. 1993ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ವೈದ್ಯರು ಇದನ್ನು ಹೆಸರಿಟ್ಟು ವಿವರಿಸಿದರು. ಹದಿನೈದರಿಂದ ಐವತ್ತು ವರ್ಷದೊಳಗಿನ ಹೆಂಗಸರಲ್ಲೇ ಇದು ಹೆಚ್ಚು.

ನನ್ನ ತಂಗಿಯ ಮಗಳಿಗೆ ಒಂದು ವಿಷಮ ಜ್ವರ ಬಂದು ಹೋದ ಮೇಲೆ ಇದು ಶುರುವಾಯಿತು. ವನಗೂರು ಕೂಡುರಸ್ತೆಯಲ್ಲಿ ಸಕಲೇಶಪುರದ ಬಸ್ಸಿಗೆ ಕಾಯುತ್ತ ನಿಂತವಳು ಹಾಗೇ ನೆಲಕ್ಕೆ ಕೂತುಬಿಡುತ್ತಿದ್ದಳು. ಒಬ್ಬರು ‘ನರ ವೀಕು’ ಅಂದರು, ಇನ್ನೊಬ್ಬರು ‘ಗಾಳಿ ಸೋಕಿದೆ, ತಾಯಿತ ಕಟ್ಟಿಸಿ’ ಅಂದರು. ಒಬ್ಬ ಡಾಕ್ಟರು ಇ.ಸಿ.ಜಿ. ನೋಡಿ, ‘ಏನೂ ಇಲ್ಲ ಕಣಮ್ಮ, ಮದುವೆ ಮಾಡಿ, ಸರಿಹೋಗ್ತಾಳೆ’ ಎಂದುಬಿಟ್ಟರು. ಬಂದ ಸಂಬಂಧವೋ, ಹುಡುಗಿಗೆ ಮೂರ್ಛೆರೋಗ ಎಂಬ ಸುದ್ದಿ ಕೇಳಿ ಹಿಂದಕ್ಕೆ ಹೋಯಿತು. ಅವಳನ್ನು ನಿಲ್ಲಿಸಿ ನಾಡಿ ಹಿಡಿದು ನೋಡಿದ ಮೊದಲ ವೈದ್ಯೆ ಸಿಗಲು ಎರಡು ವರ್ಷ ಬೇಕಾಯಿತು! ಮಲಗಿಸಿ ನೋಡಿದರೆ ಈ ಕಾಯಿಲೆ ಕಾಣುವುದೇ ಇಲ್ಲ.

ನಾವು ಎದ್ದು ನಿಂತಾಗ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲು, ಹೊಟ್ಟೆಗಳಿಗೆ ಇಳಿಯುತ್ತದೆ. ರಕ್ತನಾಳಗಳು ಬಿಗಿಯಾಗಿ ಅದನ್ನು ಮೇಲಕ್ಕೆ ತಳ್ಳಬೇಕು. ಪಾಟ್ಸ್ ಇದ್ದವರಲ್ಲಿ ಈ ಏರ್ಪಾಡು ತಪ್ಪಿ, ಹೃದಯ ಗಾಬರಿಬಿದ್ದು ಓಡುತ್ತದೆ. ನಿಂತ ಹತ್ತು ನಿಮಿಷದೊಳಗೆ ನಾಡಿಬಡಿತ 30ಕ್ಕಿಂತ ಹೆಚ್ಚು ಏರಿ (ಹನ್ನೆರಡರಿಂದ ಹತ್ತೊಂಬತ್ತರ ಮಕ್ಕಳಲ್ಲಿ 40), ರಕ್ತದೊತ್ತಡ ಬೀಳದೆ, ಹೀಗೇ ಮೂರು ತಿಂಗಳು ಮುಂದುವರಿದರೆ ವೈದ್ಯರು ಪಾಟ್ಸ್ ಎನ್ನುತ್ತಾರೆ. ಗೋಡೆ ಗಡಿಯಾರ ಇದ್ದರೆ ಮನೆಯಲ್ಲೇ ಎಣಿಸಬಹುದು: ಹತ್ತು ನಿಮಿಷ ಮಲಗಿ ಒಮ್ಮೆ, ನಿಂತ ಮೇಲೆ ಎರಡು, ಐದು, ಹತ್ತನೆಯ ನಿಮಿಷಕ್ಕೆ ಒಮ್ಮೊಮ್ಮೆ. ಪಕ್ಕದಲ್ಲಿ ಒಬ್ಬರು ಇರಲಿ. ಎಣಿಸಿದ ಚೀಟಿ ಡಾಕ್ಟರಿಗೆ ತೋರಿಸಿ. ರಕ್ತಹೀನತೆ, ಥೈರಾಯಿಡ್ ದೋಷಗಳಲ್ಲೂ ಎದೆ ಹೀಗೇ ಬಡಿದುಕೊಳ್ಳುವುದರಿಂದ ರಕ್ತಪರೀಕ್ಷೆ ಮೊದಲು ಆಗಬೇಕು.

ಈಗ ಹೊಸ ಚಿಕಿತ್ಸೆಯ ಮಾತು. ಮಿದುಳಿನ ಬುಡದಿಂದ ಹೊರಟು ಕುತ್ತಿಗೆಯ ಮೂಲಕ ಹೃದಯ, ಶ್ವಾಸಕೋಶ, ಜಠರಗಳಿಗೆ ಇಳಿಯುವ ಉದ್ದನೆಯ ನರವೊಂದಿದೆ, ವೇಗಸ್ ನರ. ಹೆಸರು ವೇಗಸ್ ಆದರೂ ಹೃದಯದ ವೇಗ ತಗ್ಗಿಸುವುದೇ ಇದರ ಕೆಲಸ! ಶಿರಾಡಿ ಘಾಟಿ ಇಳಿಯುವ ಬಸ್ಸಿಗೆ ಬ್ರೇಕು ಹೇಗೋ ಹೃದಯಕ್ಕೆ ಇದು ಹಾಗೆ. ಇದರ ಒಂದು ಪುಟ್ಟ ಕವಲು ಕಿವಿಗೂ ಬರುತ್ತದೆ. ಕಿವಿಯ ತೂತಿನ ಮುಂದೆ ಒಂದು ಗಟ್ಟಿ ತುಣುಕು ಇದೆಯಲ್ಲ, ಅಲ್ಲಿಗೆ ಕ್ಲಿಪ್ಪು ಸಿಕ್ಕಿಸಿ, ನೋವಾಗದಷ್ಟು ಸಣ್ಣ ವಿದ್ಯುತ್ತು ಹಾಯಿಸಿ ನರವನ್ನು ಎಚ್ಚರಿಸುವುದೇ ಈ ಚಿಕಿತ್ಸೆ.

ಅಮೆರಿಕದ ಓಕ್ಲಹೋಮಾದ ವೈದ್ಯರು 26 ಮಂದಿ ಪಾಟ್ಸ್ ಇದ್ದ ಹೆಂಗಸರಿಗೆ ದಿನಕ್ಕೊಂದು ಗಂಟೆಯಂತೆ ಎರಡು ತಿಂಗಳು ಕ್ಲಿಪ್ಪು ಹಾಕಿಸಿದರು. ಅರ್ಧದಷ್ಟು ಜನಕ್ಕೆ ಸರಿಯಾದ ಜಾಗಕ್ಕೆ, ಉಳಿದವರಿಗೆ ಸುಮ್ಮನೆ ಕಿವಿಯ ಹಾಲೆಗೆ. ನಾವು ಓಲೆ ಹಾಕುವ, ಗಣಪತಿಯ ಮುಂದೆ ಹಿಡಿದು ಬಸ್ಕಿ ಹೊಡೆಯುವ ಹಾಲೆಗೆ ಈ ನರ ಬರುವುದಿಲ್ಲ. ಕಿವಿ ಚುಚ್ಚಿಸಿಕೊಂಡರೆ ಎದೆಬಡಿತ ತಗ್ಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ! ಎರಡು ತಿಂಗಳ ಕೊನೆಗೆ, ನಿಂತಾಗ ಏರುವ ಬಡಿತ ಹಾಲೆಯವರಲ್ಲಿ ಸರಾಸರಿ 32ರಷ್ಟಿದ್ದರೆ, ಸರಿಯಾದ ಜಾಗದವರಲ್ಲಿ ಸುಮಾರು 18 ಮಾತ್ರ. ಒಳ್ಳೆಯ ಸುದ್ದಿಯೇ. ಆದರೆ 26 ಮಂದಿ ಎಂದರೆ ಒಂದು ಬಸ್ಸೂ ತುಂಬುವುದಿಲ್ಲ ನೋಡಿ. ಇದಿನ್ನೂ ಪರೀಕ್ಷೆಯ ಹಂತದ ಚಿಕಿತ್ಸೆ. ನೋವಿಗೆಂದು ತಂದ ಕರೆಂಟಿನ ಯಂತ್ರವನ್ನು ಕಿವಿಗೋ ಕುತ್ತಿಗೆಗೋ ಹಚ್ಚಿ ನೋಡುವ ಸಾಹಸ ಯಾರಿಗೂ ಬೇಡ.

ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದಕ್ಕೆ ಹತ್ತಿರದ ಒಂದು ಕೆಲಸ ನಡೆದು 2011ರಲ್ಲಿ ಪ್ರಕಟವಾಗಿದೆ. ಹನ್ನೆರಡು ಮಂದಿ ಆರೋಗ್ಯವಂತರಿಂದ ‘ಓಂ’ ಎಂದು ಹೇಳಿಸಿ ಮಿದುಳಿನ ಚಿತ್ರ ತೆಗೆದರೆ, ಭಾವನೆಗಳ ಭಾಗಗಳು ಶಾಂತವಾಗಿದ್ದವು. ಸುಮ್ಮನೆ ‘ಸ್ಸ್’ ಎಂದಾಗ ಹಾಗಾಗಲಿಲ್ಲ. ವೇಗಸ್ ನರದ ಚಿಕಿತ್ಸೆಯಲ್ಲೂ ಇಂಥದೇ ಬದಲಾವಣೆ ಕಂಡಿದೆ ಎಂದು ಅವರು ಬರೆದರು. ಅವರಾರಿಗೂ ಪಾಟ್ಸ್ ಇರಲಿಲ್ಲ, ಆದ್ದರಿಂದ ಓಂಕಾರದಿಂದ ಪಾಟ್ಸ್ ವಾಸಿ ಎಂದು ಹೇಳಲಾಗದು. ಸಂಜೆ ಹೊತ್ತು ಹೇಳಿಕೊಂಡರೆ ನಷ್ಟವಂತೂ ಇಲ್ಲ.

ನಮ್ಮ ಹುಡುಗಿಗೆ ಸದ್ಯಕ್ಕೆ ಕೈಹಿಡಿದದ್ದು ನೀರು, ಉಪ್ಪು. ದಿನಕ್ಕೆ ಎರಡು-ಮೂರು ಲೀಟರು ನೀರು, ಉಪ್ಪು ಹಾಕಿದ ಮಜ್ಜಿಗೆ, ಗಂಜಿ. ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇದ್ದವರು, ಬಸುರಿಯರು ಡಾಕ್ಟರನ್ನು ಕೇಳದೆ ಉಪ್ಪು ಹೆಚ್ಚಿಸಕೂಡದು. ಸೊಂಟದವರೆಗಿನ ಬಿಗಿ ಕಾಲುಚೀಲ, ಮಲಗಿಯೇ ಮಾಡುವ ಕಾಲಿನ ವ್ಯಾಯಾಮ ಇವೂ ಉಂಟು. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಹಂಡೆ ನೀರು ಸುಡಸುಡ ಹುಯ್ದುಕೊಳ್ಳುವುದು ಎಲ್ಲರಿಗೂ ಇಷ್ಟ. ಬಿಸಿಗೆ ರಕ್ತನಾಳ ಹಿಗ್ಗುವುದರಿಂದ ಇವರಿಗೆ ಅದೇ ಅಪಾಯ. ಉಗುರುಬೆಚ್ಚಗಿನ ನೀರಾಗಲಿ, ಬಚ್ಚಲಲ್ಲಿ ಮಣೆ ಹಾಕಿ ಕೂತೇ ಮೀಯಲಿ, ಅಗುಳಿ ಹಾಕಿಕೊಳ್ಳದೆ ಬಾಗಿಲು ಮುಂದೆ ಮಾಡಿಕೊಂಡಿರಲಿ.