ಹಾರುವ ಹಳಮೆಗೆ ಹೊಸ ಉಪಕರಣಗಳೇಕೆ?

ನಮ್ಮ ಹೈದರಾಬಾದಿನ ಹೆಸರು ಹೊತ್ತ ಹಳೆಯ ಬಾಂಬರ್ ವಿಮಾನವೊಂದು ಲಂಡನ್ನಿನ ರಾಯಲ್ ಏರ್‌ಫೋರ್ಸ್ ವಸ್ತುಸಂಗ್ರಹಾಲಯದಲ್ಲಿದೆ ಎಂಬ ಸಂಗತಿ ಬಹುಮಂದಿಗೆ ತಿಳಿದಿರಲಾರದು. ಮೊದಲ ಮಹಾಯುದ್ಧದಲ್ಲಿ ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನರ ಕೊಡುಗೆಯಿಂದ ಸಜ್ಜಾದ 110ನೇ ‘ಹೈದರಾಬಾದ್’ ಸ್ಕ್ವಾಡ್ರನ್ನಿನ ಡಿ.ಎಚ್. 9ಎ ವಿಮಾನವದು. 1918ರಲ್ಲಿ ಜರ್ಮನರ ವಶವಾದ ಅದು ಬರ್ಲಿನ್, ಪೋಲೆಂಡ್‌ಗಳನ್ನು ಕಂಡು 1977ರಲ್ಲಿ ಬ್ರಿಟನ್ನಿಗೆ ಮರಳಿತು. ಕಳೆದುಹೋಗಿದ್ದ ರೆಕ್ಕೆಗಳನ್ನು ಹೊಸದಾಗಿ ಕಟ್ಟಬೇಕಾಯಿತು. ಅದೀಗ ಹಾರುವುದಿಲ್ಲ, ನೋಡುಗರಿಗಾಗಿ ನಿಂತಿದೆ.

ಇದಕ್ಕೆ ವ್ಯತಿರಿಕ್ತವಾದ ನಿದರ್ಶನ ಭಾರತೀಯ ವಾಯುಪಡೆಯ ಡಕೋಟ ‘ಪರಶುರಾಮ’. ಆಗ ಕರ್ನಾಟಕದಿಂದ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಅವರು, ಡಕೋಟ ಚಾಲಕರಾಗಿದ್ದ ತಮ್ಮ ತಂದೆಯವರ ಗೌರವಾರ್ಥ, ಈ ವಿಮಾನವನ್ನು ಬ್ರಿಟನ್ನಿನಲ್ಲಿ ದುರಸ್ತಿ ಮಾಡಿಸಿ ವಾಯುಪಡೆಗೆ ನೀಡಿದರು. 2018ರ ಏಪ್ರಿಲ್‌ನಲ್ಲಿ ಅದು ಹಾರುತ್ತಲೇ ಭಾರತಕ್ಕೆ ಬಂತು. ಅದರ ಮೇಲಿರುವ ವಿ.ಪಿ. 905 ಎಂಬ ಸಂಖ್ಯೆ, 1947ರ ಅಕ್ಟೋಬರ್ 27ರಂದು ಸೈನಿಕರನ್ನು ಹೊತ್ತು ಶ್ರೀನಗರದಲ್ಲಿ ಇಳಿದ ಮೊದಲ ಡಕೋಟದ್ದು. ಇದು ಆ ಮೂಲ ವಿಮಾನವಲ್ಲ, ಸಂಖ್ಯೆ ಸ್ಮರಣಾರ್ಥವಾದುದು. ಸಂಚಾರ ನಿರ್ದೇಶನದ ಉಪಕರಣಗಳೂ ಹೊಸವು.

ಹಾಗಾದರೆ ಇದು ‘ಅಸಲಿ’ಯೇ? ಹಾರಬೇಕಾದ ವಿಮಾನವು ಇಂದಿನ ಆಕಾಶದ ನಿಯಮಗಳಿಗೆ ಒಳಪಡಲೇಬೇಕು. ನಿಯಂತ್ರಣ ಗೋಪುರದೊಡನೆ ಮಾತನಾಡಲು ಇಂದಿನ ರೇಡಿಯೋ ಬೇಕು. ತನ್ನ ಗುರುತನ್ನು ರಾಡಾರಿಗೆ ತಿಳಿಸುವ ಟ್ರಾನ್ಸ್‌ಪಾಂಡರ್ ಬೇಕು. ಪಿಸ್ಟನ್ ಎಂಜಿನ್ನಿಗೆ ಬೇಕಾದ ವಿಮಾನ ಪೆಟ್ರೋಲನ್ನು, ಸೀಮೆಎಣ್ಣೆಯಂಥ ಜೆಟ್ ಇಂಧನವೇ ಪ್ರಧಾನವಾಗಿರುವ ಈ ಕಾಲದಲ್ಲಿ, ಮುಂಚಿತವಾಗಿ ಹೊಂದಿಸಿಕೊಳ್ಳಬೇಕು. ತುಕ್ಕು ಹಿಡಿದ ತಗಡು, ದಣಿದ ಲೋಹ, ಸವೆದ ರಬ್ಬರುಗಳನ್ನು ‘ಮೂಲದ್ದು’ ಎಂಬ ಮೋಹದಿಂದ ಉಳಿಸಿಕೊಳ್ಳುವಂತಿಲ್ಲ.

ಆದರೆ ಉಪಕರಣ ಹೊಸದಾದರೆ ಸಾಲದು. 2018ರ ಆಗಸ್ಟ್ 4ರಂದು ಸ್ವಿಟ್ಜರ್ಲೆಂಡಿನಲ್ಲಿ ಹಿಂದೊಮ್ಮೆ ಸೇನೆಯಲ್ಲಿದ್ದ ಯುಂಕರ್ಸ್ 52 ವಿಮಾನ ಬಿದ್ದು, ಅದರಲ್ಲಿದ್ದ 20 ಮಂದಿಯೂ ಅಸುನೀಗಿದರು. ಪರ್ವತಗಳ ನಡುವೆ ಅಪಾಯಕರವಾಗಿ ತಗ್ಗಿನಲ್ಲಿ ಹಾರಿಸಿದ್ದೇ ಕಾರಣವೆಂದು ತನಿಖೆ ಹೇಳಿತು. ಕಾರಣವಲ್ಲದಿದ್ದರೂ, ಲೋಹದಲ್ಲಿ ತುಕ್ಕು, ಬಿರುಕುಗಳೂ ಕಂಡುಬಂದವು. ಹಳೆಯ ವಿಮಾನಕ್ಕೆ ಕಟ್ಟುನಿಟ್ಟಿನ ತಪಾಸಣೆಯಷ್ಟೇ ಸಂಯಮದ ಚಾಲನೆಯೂ ಅಗತ್ಯ.

ಆದುದರಿಂದ ಎರಡು ಹಾದಿಗಳನ್ನೂ ಗೌರವಿಸುವುದು ಯುಕ್ತ. ಜಗತ್ತಿನಲ್ಲಿ ಒಂದೆರಡೇ ಉಳಿದಿರುವ ವಿಮಾನ ನೆಲದ ಮೇಲೆ ಭದ್ರವಾಗಿರಲಿ; ಅದರ ಮೂಲ ಭಾಗಗಳೇ ಚರಿತ್ರೆಯ ದಾಖಲೆ. ಸಾಕಷ್ಟು ಉಳಿದಿರುವ ಡಕೋಟದಂಥವು ಹಾರಲಿ. ಆ ಎಂಜಿನ್ನಿನ ಸದ್ದನ್ನು ಯಾವ ಗಾಜಿನ ಕಪಾಟೂ ಕೇಳಿಸಲಾರದು. ಬದಲಾದುದೇನು, ಉಳಿದುದೇನು ಎಂಬುದನ್ನು ಮರೆಮಾಚದೆ ಬರೆದಿಟ್ಟರೆ ಚರಿತ್ರೆಗೆ ಅಪಚಾರವಾಗದು.