ಹಳೆಯ ಲಾರಿಗಳ ಮಾತು

ಕೋಲಾರದ ಸೀಮೆಯಲ್ಲಿ ನಾಲ್ಕು ಜನ ಸೇರಿದ ಕಡೆ ಮಾತು ಎರಡು ವಿಷಯಗಳನ್ನು ಬಿಟ್ಟು ಬಹು ದೂರ ಹೋಗುವುದಿಲ್ಲ. ಒಂದು ಮಳೆ, ಇನ್ನೊಂದು ಬೆಲೆ. ಈ ಎರಡರ ನಡುವೆ ಮೂರನೆಯದೊಂದು ಮೆಲ್ಲಗೆ ನುಸುಳಿಕೊಳ್ಳುವುದುಂಟು. ಅದು ಲಾರಿ, ಅದರಲ್ಲಿಯೂ ಹಳೆಯ ಲಾರಿ. ಮುಳಬಾಗಿಲಿನ ಹೆದ್ದಾರಿಯ ಬದಿಯ ಚಹದ ಅಂಗಡಿಯಾಗಲಿ, ಶ್ರೀನಿವಾಸಪುರದ ಮಾವಿನ ಮಂಡಿಯಾಗಲಿ, ಮಾಲೂರಿನ ಹೆಂಚಿನ ಕಾರ್ಖಾನೆಯ ಮುಂದಿನ ಮರದ ನೆರಳಾಗಲಿ, ಈ ಮಾತಿಗೆ ಎಲ್ಲವೂ ಸಭಾಸ್ಥಾನವೇ. ಕೆಲಸ ಬಿಟ್ಟ ಡ್ರೈವರು, ಕೈಗೆ ಗ್ರೀಸು ಮೆತ್ತಿದ ಮೇಸ್ತ್ರಿ, ತೋಟದ ಯಜಮಾನ, ಲಾರಿಗಳ ಹುಚ್ಚು ಹತ್ತಿದ ಒಬ್ಬಿಬ್ಬರು ಹುಡುಗರು, ಇವರೇ ಸಭಿಕರು. ಮಾತು ಕನ್ನಡದಲ್ಲಿ ಮೊದಲಾಗಿ, ತೆಲುಗಿಗೆ ಹೊರಳಿ, ನಡುನಡುವೆ ತಮಿಳನ್ನು ತಟ್ಟಿ, ಬಿಡಿಭಾಗಗಳ ಹೆಸರು ಬಂದಾಗ ಇಂಗ್ಲಿಷಿಗೆ ಹಾರಿ, ಪುನಃ ಮನೆಗೆ ಬರುವುದು.

ಇದನ್ನು ಕೇಳಿದ ಗೃಹಸ್ಥರು, ಕೆಲಸವಿಲ್ಲದವರ ಹರಟೆ ಎಂದು ಮುಂದೆ ನಡೆದಾರು. ಆದರೆ ಸ್ವಲ್ಪ ನಿಂತು ಕಿವಿಗೊಟ್ಟರೆ ಈ ಹರಟೆಯಲ್ಲಿ ಒಂದು ಸೀಮೆಯ ಸಂಸಾರದ ಜಮಾ ಖರ್ಚು ಇರುವುದು ತಿಳಿಯುತ್ತದೆ. ಯಾವ ಕಚೇರಿಯ ಕಡತದಲ್ಲಿಯೂ ಅದು ಹೀಗೆ ದೊರೆಯಲಾರದು.

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲವೆಂಬುದು ಎಲ್ಲರಿಗೂ ತಿಳಿದ ಸಂಗತಿ. ಪಾಲಾರ್ ಇಲ್ಲಿಯದೇ ಆದರೂ ಮಳೆಗಾಲದ ಅತಿಥಿ. ಹಿಂದಿನವರು ಸಾವಿರಾರು ಕೆರೆಗಳನ್ನು ಕಟ್ಟಿ ಬಾಳಿದರು. ಬೆಳೆದುದನ್ನು ಮಾರಬೇಕಾದರೆ ಎತ್ತಿನ ಗಾಡಿಯೇ ಗತಿಯಾಗಿತ್ತು. ರೈಲು ಬಂದಿತಾದರೂ ಎಲ್ಲರಿಗೂ ಸಮನಾಗಿ ಬರಲಿಲ್ಲ. ಬೆಂಗಳೂರು ದಂಡಿನಿಂದ ಜೋಲಾರಪೇಟೆಗೆ ೧೮೬೪ರಲ್ಲಿ ಹಾಸಿದ ಹಳಿಯ ಮೇಲೆ ಮಾಲೂರು ಇದ್ದುದರಿಂದ ಆ ಊರು ಭಾಗ್ಯಶಾಲಿಯಾಯಿತು. ಕೋಲಾರಕ್ಕೂ ಶ್ರೀನಿವಾಸಪುರಕ್ಕೂ ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಬಂದುದು ಎರಡೂವರೆ ಅಡಿ ಅಗಲದ ಪುಟ್ಟ ರೈಲು. ಮೂಡಣ ಬಾಗಿಲೆಂದು ಹೆಸರು ಪಡೆದ ಮುಳಬಾಗಿಲಿಗಂತೂ ರಸ್ತೆಯೊಂದೇ ಆಸರೆಯಾಯಿತು. ಹೀಗೆ, ನದಿಯಿಲ್ಲದ ಈ ನಾಡಿಗೆ ಮದರಾಸಿನ ರಸ್ತೆಯೇ ನದಿ. ಅದರ ಮೇಲಿನ ದೋಣಿಯೇ ಲಾರಿ.

ಮೊದಲು ಬಂದ ಲಾರಿಗಳು ಫೋರ್ಡ್, ಷೆವ್ರೊಲೆ ಮುಂತಾದ ಅಮೆರಿಕೆಯ ಹೆಸರಿನವು. ಜನರಲ್ ಮೋಟಾರ್ಸ್ ಕಂಪೆನಿಯವರು ೧೯೨೮ರಲ್ಲಿಯೇ ಮುಂಬಯಿಯಲ್ಲಿ ಭಾಗಗಳನ್ನು ಜೋಡಿಸುವ ಕಾರ್ಖಾನೆ ತೆರೆದಿದ್ದರು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಪಡಿತರವಾದಾಗ ನಮ್ಮ ನಾಡಿನ ಬಸ್ಸು ಲಾರಿಗಳಿಗೆ ಇದ್ದಲಿನ ಒಲೆಯನ್ನು ಕಟ್ಟಿ, ಅದರ ಅನಿಲದಿಂದ ಓಡಿಸಿದರು. ಹೊರಡುವ ಮೊದಲು ಒಲೆ ಹೊತ್ತಿಸಿ, ಗಾಳಿ ಊದಿ, ಅನಿಲ ಏಳುವವರೆಗೆ ಕಾಯಬೇಕು. ಏರು ಬಂದರೆ ಜನ ಇಳಿದು ತಳ್ಳಬೇಕು. ಇಂದಿನ ಮುದುಕರು ಇದನ್ನು ಕಂಡವರಲ್ಲ. ತಮ್ಮ ತಂದೆಯರಿಂದ ಕೇಳಿದವರು. ಆದರೂ ತಾವೇ ತಳ್ಳಿದವರಂತೆ ವರ್ಣಿಸುವುದುಂಟು.

ಸ್ವಾತಂತ್ರ್ಯ ಬಂದ ಮೇಲೆ ಲಾರಿ ಸ್ವದೇಶದ ವಸ್ತುವಾಯಿತು. ೧೯೪೮ರಲ್ಲಿ ಹುಟ್ಟಿದ ಅಶೋಕ್ ಮೋಟಾರ್ಸ್ ಸಂಸ್ಥೆ ೧೯೫೫ರಲ್ಲಿ ಇಂಗ್ಲೆಂಡಿನ ಲೇಲೆಂಡ್ ಕಂಪೆನಿಯೊಡನೆ ಕೂಡಿ ಅಶೋಕ್ ಲೇಲೆಂಡ್ ಎನಿಸಿಕೊಂಡಿತು. ಅದರ ಕಾರ್ಖಾನೆ ಮದರಾಸಿನ ಬಳಿಯ ಎಣ್ಣೂರಿನಲ್ಲಿ. ಅತ್ತ ಜಮ್ಷೆಡ್‌ಪುರದಲ್ಲಿ ಟಾಟಾ ಸಂಸ್ಥೆಯವರು ಜರ್ಮನಿಯ ಡೈಮ್ಲರ್ ಬೆಂಜ್ ಕಂಪೆನಿಯ ನೆರವಿನಿಂದ ೧೯೫೪ರಲ್ಲಿ ಲಾರಿ ಕಟ್ಟಲು ಮೊದಲುಮಾಡಿದರು. ಅದರ ಮೂತಿಯ ಮೇಲೆ ಮೂರು ಕವಲಿನ ನಕ್ಷತ್ರವಿತ್ತು. ಹದಿನೈದು ವರ್ಷದ ಒಪ್ಪಂದ ೧೯೬೯ರಲ್ಲಿ ಮುಗಿದು ನಕ್ಷತ್ರ ಹೋಯಿತು, ಟಾಟಾ ಹೆಸರಿನ ಅಕ್ಷರ ಬಂದಿತು. ಆದರೆ ಹಳ್ಳಿಯವರ ಬಾಯಲ್ಲಿ ಅದು ಬಹುಕಾಲ ಬೆಂಜ್ ಲಾರಿಯಾಗಿಯೇ ಉಳಿಯಿತು.

ಸಭೆ ಎರಡು ಪಕ್ಷವಾಗುವುದು ಇಲ್ಲಿಯೇ. ಲೇಲೆಂಡ್ ಪಕ್ಷದವರು ‘ಕಾಮೆಟ್’ ಲಾರಿಯ ಎಂಜಿನ್ನಿನ ಗಂಭೀರವಾದ ದನಿಯನ್ನೂ, ಎಷ್ಟು ಹೇರಿದರೂ ಬಾಗದ ಅದರ ಬೆನ್ನನ್ನೂ ಹೊಗಳುವರು. ಬೆಂಜ್ ಪಕ್ಷದವರು, ಎಂಜಿನ್ನನ್ನು ಮುಂದಕ್ಕೆ ಚಾಚಿಕೊಂಡ ತಮ್ಮ ಮೂತಿಯ ಲಾರಿ ಕಡಿಮೆ ಎಣ್ಣೆ ಕುಡಿದು ಹೆಚ್ಚು ದುಡಿಯುತ್ತಿತ್ತೆಂದೂ, ಕೆಟ್ಟರೆ ಯಾವ ಹಳ್ಳಿಯ ಮೇಸ್ತ್ರಿಯಾದರೂ ಬಿಚ್ಚಿ ಕೂಡಿಸಬಹುದಾಗಿತ್ತೆಂದೂ ಸಾಧಿಸುವರು. ಈ ವಾದ ಅರ್ಧ ಶತಮಾನದಿಂದ ತೀರ್ಪಿಲ್ಲದೆ ನಡೆದಿದೆ. ತೀರ್ಪು ಬಾರದಿರುವುದರಲ್ಲಿಯೇ ಅದರ ಸುಖವಿದೆಯೆಂದು ತೋರುತ್ತದೆ.

ಆ ಲಾರಿಗಳನ್ನು ಓಡಿಸುವುದು ಮೈಮುರಿಯುವ ಕೆಲಸ. ಚುಕ್ಕಾಣಿಗೆ ಯಂತ್ರದ ನೆರವಿಲ್ಲ. ತೋಳಿನ ಬಲವೇ ಬಲ. ಗೇರು ಬದಲಿಸುವಾಗ ಕ್ಲಚ್ಚನ್ನು ಎರಡು ಸಲ ತುಳಿದು, ಎಂಜಿನ್ನಿನ ವೇಗವನ್ನು ಕಿವಿಯಿಂದಲೇ ಅಳೆದು ಹಲ್ಲಿಗೆ ಹಲ್ಲು ಕೂಡಿಸಬೇಕು. ಕೂಡದಿದ್ದರೆ ಊರಿಗೆಲ್ಲ ಕೇಳುವಂತೆ ಗರಗರ ಸದ್ದು. ಡ್ರೈವರಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಕಾರ್ಖಾನೆಯಿಂದ ಬರುತ್ತಿದ್ದುದು ಬರಿಯ ಚಾಸಿ ಮಾತ್ರ. ಮರದ ಮೈಯನ್ನೂ ಚೌಕದ ಕೋಣೆಯನ್ನೂ ಕಟ್ಟಿದವರು ನಮ್ಮ ಬಡಗಿಗಳು. ಹೂ, ನವಿಲು, ದೇವರ ಹೆಸರು ಬರೆದವರು ನಮ್ಮ ಬಣ್ಣಗಾರರು. ಆಯುಧಪೂಜೆಯ ದಿನ ಬೂದುಗುಂಬಳ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಲಾರಿಯನ್ನು ಮನೆಯ ಎತ್ತಿನಂತೆಯೇ ಪೂಜಿಸುತ್ತಿದ್ದರು.

ಮುಳಬಾಗಿಲನ್ನು ಬಿಟ್ಟು, ನಂಗಲಿಯನ್ನು ದಾಟಿ, ಆಂಧ್ರದ ಪಲಮನೇರಿನಿಂದ ಚಿತ್ತೂರಿನ ಕಡೆಗೆ ಇಳಿಯುವಾಗ ಮೊಗಿಲಿ ಘಾಟಿ ಸಿಕ್ಕುವುದು. ಹಳಬರ ಮಾತಿನಲ್ಲಿ ಆ ಘಾಟಿ ಬಾರದಿರುವುದಿಲ್ಲ. ಇಳಿಜಾರಿನಲ್ಲಿ ಬರಿಯ ಬ್ರೇಕನ್ನು ನಂಬಿದವನು ಕೆಡುವನು. ಕೆಳಗಿನ ಗೇರಿನಲ್ಲಿ ಎಂಜಿನ್ನನ್ನೇ ಕಡಿವಾಣವಾಗಿ ಮಾಡಿಕೊಂಡು ಇಳಿಯಬೇಕು. ಏರಿನಲ್ಲಿ ಲಾರಿ ನಿಂತಿತೆಂದರೆ ಕ್ಲೀನರ್ ಹುಡುಗ ಮರದ ತುಂಡನ್ನು ಹಿಡಿದು ಹಾರಿ, ಹಿಂದಿನ ಚಕ್ರಕ್ಕೆ ಅಡ್ಡ ಕೊಡಬೇಕು. ಲಾರಿಯ ಪ್ರಾಣ, ಸರಕಿನ ಪ್ರಾಣ, ಡ್ರೈವರಿನ ಪ್ರಾಣ ಮೂರೂ ಆ ಕ್ಷಣದಲ್ಲಿ ಹದಿನಾರು ವರ್ಷದ ಹುಡುಗನ ಕೈಯಲ್ಲಿ. ಎಲ್ಲ ಹುಡುಗರೂ ಮನೆಗೆ ಹಿಂದಿರುಗಲಿಲ್ಲವೆಂಬುದನ್ನು ಈ ಮಾತಿನ ನಡುವಿನ ಮೌನದಿಂದ ತಿಳಿದುಕೊಳ್ಳಬೇಕು.

ಇಷ್ಟು ಕಷ್ಟಪಟ್ಟು ಸಾಗಿಸುತ್ತಿದ್ದುದೇನು? ಮೇ ತಿಂಗಳಿನಿಂದ ಜುಲೈವರೆಗೆ ಶ್ರೀನಿವಾಸಪುರದ ಮಾವು. ಬಾದಾಮಿ, ರಸಪುರಿ, ಬೇನಿಶಾ ಹಣ್ಣುಗಳು ಮನೆಗಳಿಗೆ. ತೋತಾಪುರಿ ಬಹುಪಾಲು ಚಿತ್ತೂರು, ಕೃಷ್ಣಗಿರಿಗಳ ತಿರುಳಿನ ಕಾರ್ಖಾನೆಗಳಿಗೆ. ಮಾಲೂರಿನಿಂದ ಹೂವು, ತರಕಾರಿ, ಹೆಂಚು, ಇಟ್ಟಿಗೆ. ಕೋಲಾರ, ಮುಳಬಾಗಿಲುಗಳಿಂದ ಟೊಮೆಟೊ. ಇವುಗಳಲ್ಲಿ ಹೆಂಚು, ಇಟ್ಟಿಗೆಗಳು ಕಾಯಬಲ್ಲವು, ಉಳಿದವು ಕಾಯಲಾರವು. ಕೊಯ್ದ ಹೂವು ಬೆಳಗಾಗುವುದರೊಳಗೆ ಬೆಂಗಳೂರಿನ ಮಾರುಕಟ್ಟೆಯನ್ನು ಸೇರದಿದ್ದರೆ ಕಸ. ಸಮಯಕ್ಕೆ ಲಾರಿ ಬಾರದಿದ್ದರೆ ಒಕ್ಕಲಿನ ನಾಲ್ಕು ತಿಂಗಳ ಬೆವರು ಹೊಲದ ಬದುವಿನಲ್ಲಿಯೇ ಕೊಳೆಯುವುದು. ಆದುದರಿಂದ ಲಾರಿಯ ದನಿಯನ್ನು ಕಾಯುತ್ತ ಜಗಲಿಯ ಮೇಲೆ ಎಚ್ಚರವಾಗಿ ಕುಳಿತಿದ್ದ ಸಂಸಾರಗಳಿಗೆ ಆ ದನಿ ಸಂಗೀತವೆನಿಸಿದರೆ ಆಶ್ಚರ್ಯವಿಲ್ಲ. ಇಂಥ ಲಾರಿಯ ಸದ್ದು, ತಿರುವಿನ ಆಚೆಗಿರುವಾಗಲೇ, ಯಾರದೆಂದು ಗುರುತಾಗುತ್ತಿತ್ತು.

ಹಳಬರು ಹಳಹಳಿಸುವುದು ಬರಿಯ ಯಂತ್ರಕ್ಕಾಗಿ ಅಲ್ಲವೆಂದು ನನಗೆ ತೋರುತ್ತದೆ. ಆಗ ಊರಿಗೆ ಒಂದೋ ಎರಡೋ ಲಾರಿ. ಡ್ರೈವರು ಊರಿನ ಮಗ, ಇಲ್ಲವೆ ನೆಂಟ. ಸರಕಿನೊಡನೆ ಅವನೇ ಮಂಡಿಗೆ ಹೋಗುವನು. ಸಾಹುಕಾರನ ಪಟ್ಟಿಯನ್ನೂ ಹಣವನ್ನೂ ತಂದು ಮನೆಮನೆಗೆ ಒಪ್ಪಿಸುವನು. ಬರುವಾಗ ಒಬ್ಬರಿಗೆ ಔಷಧ, ಇನ್ನೊಬ್ಬರಿಗೆ ಪಠ್ಯಪುಸ್ತಕ, ಮತ್ತೊಬ್ಬರ ಮಗಳ ಮದುವೆಗೆ ಪಾತ್ರೆ. ಹೆರಿಗೆಯ ನೋವಿನಲ್ಲಿದ್ದ ಹೆಂಗಸನ್ನು ನಡುರಾತ್ರಿ ಆಸ್ಪತ್ರೆಗೆ ಸೇರಿಸಿದುದೂ ಆ ಲಾರಿಯೇ. ಮದುವೆಯ ದಿಬ್ಬಣ ಹೊತ್ತುದೂ ಅದೇ. ಸರಕಿನ ಗಾಡಿಯಲ್ಲಿ ಜನರನ್ನು ತುಂಬುವುದು ಅಪಾಯ, ಕಾನೂನಿಗೆ ವಿರುದ್ಧ; ಅದನ್ನು ಹೊಗಳಬೇಕಾಗಿಲ್ಲ. ಆದರೆ ಬೇರೆ ದಾರಿಯಿಲ್ಲದ ಊರಿಗೆ ಆ ಡ್ರೈವರು ಅಂಚೆಯವನೂ, ವಕೀಲನೂ, ಬಂಧುವೂ ಆಗಿದ್ದನು.

ಇನ್ನು ಖರ್ಚಿನ ಕಡೆಯನ್ನೂ ನೋಡದಿದ್ದರೆ ಲೆಕ್ಕ ಸುಳ್ಳಾಗುವುದು. ಮಾವನ್ನು ಹೊತ್ತ ಲಾರಿಯೇ ಮರಳನ್ನೂ ಹೊತ್ತಿತು. ಪಾಲಾರಿನ ಒಡಲಿನಿಂದಲೂ ಕೆರೆಗಳ ಅಂಗಳದಿಂದಲೂ ಮರಳು ಬೆಂಗಳೂರಿನ ಕಟ್ಟಡಗಳಿಗೆ ಹೋಯಿತು. ಮರಳು ಮುಗಿದ ಮೇಲೆ ಮಣ್ಣನ್ನೇ ತೊಳೆದು ಮರಳು ತೆಗೆಯುವ ಕಸುಬು ಹುಟ್ಟಿತು. ಕೆರೆಯ ಜೇಡಿ ಇಟ್ಟಿಗೆಯಾಗಿ ಹೊರಟಿತು. ಬೆಟ್ಟ ಬಯಲುಗಳಲ್ಲಿ ನೆಟ್ಟ ನೀಲಗಿರಿ ಮರದ ದಿಮ್ಮಿ ಲಾರಿ ಲಾರಿಯಾಗಿ ಇಳಿಯಿತು. ಅದು ಅಂತರ್ಜಲವನ್ನು ಹೀರುವುದೆಂಬ ಕಾರಣದಿಂದ ಸರ್ಕಾರವು ೨೦೧೭ರಲ್ಲಿ ಹೊಸದಾಗಿ ನೆಡುವುದನ್ನು ನಿಷೇಧಿಸಿತು. ಅಷ್ಟರಲ್ಲಿ ತಮಿಳುನಾಡಿನ ತಿರುಚೆಂಗೋಡಿನ ಕೊಳವೆಬಾವಿ ಲಾರಿಗಳು ಹಳ್ಳಿಹಳ್ಳಿಗೂ ಬಂದು ೧,೦೦೦ ಅಡಿಗೂ ಆಳಕ್ಕೆ ಕೊರೆದಿದ್ದವು. ೨೦೧೮ರಲ್ಲಿ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರನ್ನು ಕೊಳವೆಯ ಮೂಲಕ ತಂದು ಕೋಲಾರದ ಕೆರೆಗಳಿಗೆ ಬಿಡುವ ಕಾಲ ಬಂದಿತು. ಮರಳನ್ನು ಕೊಟ್ಟ ಸೀಮೆಗೆ ನಗರವು ಹಿಂದಿರುಗಿಸಿದುದು ಈ ನೀರು. ಚಹದ ಅಂಗಡಿಯ ಸಭೆಯಲ್ಲಿ ಮಾವಿನ ಲೋಡಿನ ಕಥೆಗಳು ಹತ್ತಿದ್ದರೆ ಮರಳಿನ ಲೋಡಿನ ಕಥೆ ಒಂದೇ. ಅದೂ ತಗ್ಗಿದ ದನಿಯಲ್ಲಿ. ಆ ತಗ್ಗಿದ ದನಿಯೇ ನ್ಯಾಯವಾದ ಲೆಕ್ಕವೆಂದು ಹೇಳಬಹುದು.

ಈಗ ಲಾರಿಗೆ ಬರವಿಲ್ಲ. ಮಾಲೂರಿಗೆ ನೆರೆಯ ಹೊಸೂರಿನಲ್ಲಿ ೧೯೮೦ರಲ್ಲಿ ಅಶೋಕ್ ಲೇಲೆಂಡಿನ ಕಾರ್ಖಾನೆ ಬಂದಿತು. ಹೊಸಕೋಟೆಯಲ್ಲಿ ೧೯೯೮ರಲ್ಲಿ ಸ್ವೀಡನ್ನಿನ ವೋಲ್ವೊ ಲಾರಿಗಳು ತಯಾರಾಗತೊಡಗಿದವು. ೧೯೮೬ರ ಟಾಟಾ ೪೦೭, ೨೦೦೫ರ ಟಾಟಾ ಏಸ್ ಎಂಬ ಸಣ್ಣ ಗಾಡಿಗಳು ಹೊಲದ ಬದುವಿನವರೆಗೂ ಹೋಗಿ ಸರಕನ್ನು ಎತ್ತುವವು. ಕೋಲಾರದ ಟೊಮೆಟೊ ಮಂಡಿಯು ಏಷ್ಯಾ ಖಂಡದ ಅತಿ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದೆನಿಸಿದೆ. ಅಲ್ಲಿ ೧೫ ಕಿಲೊ ತೂಕದ ಪೆಟ್ಟಿಗೆಯ ಲೆಕ್ಕದಲ್ಲಿ ಹರಾಜು; ಕೊಂಡ ಸರಕು ೨,೦೦೦ ಕಿಲೋಮೀಟರಿಗೂ ದೂರದ ಉತ್ತರದ ಪಟ್ಟಣಗಳಿಗೆ ಹೋಗುವುದು. ೨೦೨೩ರ ಜುಲೈ ತಿಂಗಳಲ್ಲಿ ಪೆಟ್ಟಿಗೆಯ ಬೆಲೆ ೨,೦೦೦ ರೂಪಾಯಿಗಳನ್ನು ದಾಟಿತು. ಅದೇ ತಿಂಗಳ ಕೊನೆಯಲ್ಲಿ, ಕೋಲಾರದಿಂದ ರಾಜಸ್ಥಾನದ ಜೈಪುರಕ್ಕೆ ಹೊರಟ, ಸುಮಾರು ೨೧ ಲಕ್ಷ ರೂಪಾಯಿಗಳ ಟೊಮೆಟೊ ತುಂಬಿದ್ದ ಲಾರಿಯೊಂದು ದಾರಿಯಲ್ಲಿ ಕಾಣೆಯಾಯಿತೆಂದು ಪತ್ರಿಕೆಗಳಲ್ಲಿ ಸುದ್ದಿ ಬಂದಿತು. ಯಂತ್ರ ಬಲವಾಯಿತು, ರಸ್ತೆ ಅಗಲವಾಯಿತು, ಸರಕು ದೂರ ಹೋಯಿತು. ಒಯ್ಯುವವನಿಗೂ ಬೆಳೆದವನಿಗೂ ಇದ್ದ ಪರಿಚಯ ಮಾತ್ರ ದಾರಿಯಲ್ಲಿ ಎಲ್ಲಿಯೋ ಇಳಿದುಹೋಯಿತು.

ಹಾಗೆಂದು ಹೊಸ ಲಾರಿಯ ಡ್ರೈವರನ್ನು ದೂರುವುದು ಸರಿಯಲ್ಲ. ಅವನೂ ಒಂದು ಮನೆಯ ಯಜಮಾನ. ವಾರಗಟ್ಟಲೆ ಮನೆಯ ಊಟವಿಲ್ಲ. ಭಾಷೆ ಬಾರದ ಊರಿನಲ್ಲಿ ಸರಕು ಇಳಿಯುವವರೆಗೆ ಕಾಯಬೇಕು. ಅವನ ಮಗುವಿನ ಮೊದಲ ಹೆಜ್ಜೆಯನ್ನು ಅವನು ಕಾಣುವುದು ಕೈಯ ಫೋನಿನಲ್ಲಿ. ನಮ್ಮ ಮನೆಯ ಸಾರಿಗೆ ಬೀಳುವ ಟೊಮೆಟೊವಿನಲ್ಲಿ ಬೆಳೆದವನ ಬೆವರಿನಷ್ಟೇ ಇವನ ನಿದ್ದೆಯೂ ಇರುವುದು. ಬೆಲೆ ಏರಿದಾಗ ನಾವು ಗೊಣಗುತ್ತೇವೆ. ಬೆಲೆ ಬಿದ್ದು ಒಕ್ಕಲು ಹಣ್ಣನ್ನು ರಸ್ತೆಯ ಬದಿಗೆ ಸುರಿದಾಗ ನಮಗೆ ತಿಳಿಯುವುದೂ ಇಲ್ಲ.

ಹಳೆಯ ಲಾರಿಗಳ ಆಯುಸ್ಸು ಈಗ ತೀರುತ್ತಿದೆ. ೨೦೨೧ರಲ್ಲಿ ಕೇಂದ್ರ ಸರ್ಕಾರವು ಹಳೆಯ ವಾಹನಗಳನ್ನು ಒಡೆಯುವ ನೀತಿಯನ್ನು ತಂದಿತು. ೨೦೨೩ರ ಏಪ್ರಿಲ್ ೧ರಿಂದ ೧೫ ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ರದ್ದಾಯಿತು. ಹೊಗೆಯನ್ನು ನೆನೆದರೆ ಇದು ಬೇಕಾದುದೇ. ಕಬ್ಬಿಣವನ್ನು ಕರಗಿಸಲಿ, ಕಬ್ಬಿಣಕ್ಕೆ ಇನ್ನೊಂದು ಜನ್ಮವಿದೆ. ಆದರೆ ಯಾವ ಊರಿನ ಮಾವು ಯಾವ ವರ್ಷ ಯಾವ ಮಂಡಿಗೆ ಹೋಯಿತು, ಯಾವ ಕೆರೆ ಎಂದು ಬತ್ತಿತು, ಯಾವ ರಸ್ತೆ ಎಂದು ಡಾಂಬರು ಕಂಡಿತು, ಈ ತಿಳಿವಳಿಕೆ ಉಳಿದಿರುವುದು ಎಪ್ಪತ್ತು ಎಂಬತ್ತು ವರ್ಷದ ಕೆಲವು ತಲೆಗಳಲ್ಲಿ. ಅದನ್ನು ಕರಗಿಸಿ ಮರಳಿ ಎರಕ ಹೊಯ್ಯುವ ಕಾರ್ಖಾನೆ ಇಲ್ಲ.

ಆದುದರಿಂದ ಒಂದು ಸೂಚನೆ. ನಮ್ಮ ಮನೆಗಳಲ್ಲಿ, ಬೀದಿಗಳಲ್ಲಿ ಲಾರಿ ಓಡಿಸಿದ ತಾತನೋ, ಮೇಸ್ತ್ರಿಯೋ, ಮಂಡಿಯಲ್ಲಿ ಲೆಕ್ಕ ಬರೆದವರೋ ಇದ್ದರೆ ಶಾಲೆಗೆ ಹೋಗುವ ಮಕ್ಕಳನ್ನು ಅವರ ಬಳಿ ಕೂರಿಸಬೇಕು. ಒಂದು ನೋಟ್‌ಬುಕ್ಕು ಕೊಟ್ಟು, ಊರು, ವರ್ಷ, ಸರಕು, ಬಾಡಿಗೆ, ಬೆಲೆಗಳನ್ನು ಕೇಳಿ ಬರೆಯಿಸಬೇಕು. ಲಾರಿ ಹೋದ ರಾತ್ರಿಗಳಲ್ಲಿ ಬಾಗಿಲು ಕಾದ ಅಜ್ಜಿಯನ್ನು ಕೇಳಲು ಮರೆಯಬಾರದು. ಆ ಲೆಕ್ಕದ ಅರ್ಧ ಅವರಲ್ಲಿದೆ. ಮಾವಿನ ಕಥೆಯೊಡನೆ ಮರಳಿನ ಕಥೆಯನ್ನೂ ಬರೆಯಿಸಬೇಕು. ತಂದುದೆಷ್ಟು, ಒಯ್ದುದೆಷ್ಟು ಎಂಬ ಎರಡು ಕಡೆಯೂ ತುಂಬಿದ ಪುಸ್ತಕ ಪ್ರತಿ ಊರಿನಲ್ಲಿಯೂ ಒಂದಾದರೂ ಇದ್ದರೆ, ಮುಂದೆ ಈ ಸೀಮೆಯಲ್ಲಿ ಏನನ್ನು ಬೆಳೆಯಬೇಕು, ಏನನ್ನು ಹೊರಗೆ ಕಳುಹಿಸಬಾರದು ಎಂದು ಯೋಚಿಸುವವರಿಗೆ ಅದು ಕೈದೀಪವಾದೀತು.