ಲಕ್ಷದ ವಾಚಿಗಿಂತ ಮೊದಲು

ಪ್ರಶ್ನೆ: ಬ್ಯಾಟರಿ ವಾಚೇ ಸರಿಯಾದ ಸಮಯ ತೋರಿಸುವಾಗ ಲಕ್ಷಗಟ್ಟಲೆ ಸುರಿದು ಮೆಕ್ಯಾನಿಕಲ್ ವಾಚ್ ಯಾಕೆ ಕೊಳ್ಳುತ್ತಾರೆ? ಮೊದಲ ಸಲ ಕೊಳ್ಳುವವರು ಏನು ನೋಡಬೇಕು?
– ಓದುಗರು, ರಾಜಾಜಿನಗರ

ಉತ್ತರ: ನಿಖರತೆಗಾಗಿ ಅಂತೂ ಅಲ್ಲ. ಬ್ಯಾಟರಿ ವಾಚಿನೊಳಗಿನ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಕೀ ಕೊಡುವ ಎಚ್‌ಎಂಟಿ ಜನತಾ ವಾಚ್ ಬಡಿಯುವುದು ಬರೀ 5 ಸಲ. ಸ್ವಿಸ್ ಕ್ರೊನೊಮೀಟರ್ ಪ್ರಮಾಣಪತ್ರವಿರುವ ದುಬಾರಿ ವಾಚಿಗೂ ದಿನಕ್ಕೆ ಸರಾಸರಿ 4 ಸೆಕೆಂಡು ಹಿಂದೆ, 6 ಸೆಕೆಂಡು ಮುಂದೆ ಹೋಗುವ ರಿಯಾಯಿತಿ ಉಂಟು. ದುಡ್ಡು ಹೋಗುವುದು ಕುಸುರಿ ಕೆಲಸಕ್ಕೆ ಮತ್ತು ಹೆಸರಿಗೆ. ಹೆಸರಿನ ಪಾಲೇ ದೊಡ್ಡದು ಎಂಬುದು ನನ್ನ ಗುಮಾನಿ.

ಅಷ್ಟು ಸುರಿಯುವ ಮೊದಲು ಮನೆಯ ಬೀರುವಿನಲ್ಲಿ ಅಪ್ಪನದೋ ತಾತನದೋ ಎಚ್‌ಎಂಟಿ ಇದೆಯೇ ಹುಡುಕಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲೇ ಶುರುವಾದ ತಯಾರಿಕೆ ಅದು. 2016ರಲ್ಲಿ ಕೇಂದ್ರ ಸರ್ಕಾರ ಅದಕ್ಕೆ ಬೀಗ ಹಾಕಲು ತೀರ್ಮಾನಿಸಿತು. ದಿನಾ ಬೆಳಿಗ್ಗೆ ಕೀ ಕೊಡುವುದು ಸುಖವೋ ಕಿರಿಕಿರಿಯೋ ಎಂಬುದು ಆ ವಾಚನ್ನು ಒಂದು ತಿಂಗಳು ಕಟ್ಟಿದರೆ ಗೊತ್ತಾಗುತ್ತದೆ. ಹೊರಗೆ ಹಳೆಯದನ್ನು ಕೊಳ್ಳುವುದಾದರೆ ಡಯಲ್ ತೀರಾ ಫಳಫಳ ಹೊಳೆಯುತ್ತಿದ್ದರೆ ಅನುಮಾನಪಡಿ; ಹಳೆಯ ಯಂತ್ರಕ್ಕೆ ಹೊಸ ಬಣ್ಣ ಬಳಿದು ಮಾರುವವರು ಬೇಕಾದಷ್ಟಿದ್ದಾರೆ.

ಹೊಸದೇ ಬೇಕೆಂದರೆ, ನಾಲ್ಕೈದು ವರ್ಷಕ್ಕೊಮ್ಮೆ ಬಿಚ್ಚಿ ಎಣ್ಣೆ ಹಾಕಿಸುವ ಖರ್ಚೆಷ್ಟು, ಆ ಕೆಲಸ ಬೆಂಗಳೂರಿನಲ್ಲೇ ಆಗುತ್ತದೆಯೇ ಎಂದು ಬೆಲೆ ಕೇಳುವ ಮೊದಲೇ ಕೇಳಿ.